ಒಂದು ಆಸ್‌ಗೆ ಒಂದು ಹಣತೆ

ಎಣ್ಣೆ ಸೋರುತ್ತಿದ್ದದ್ದು ಮೊದಲು ಗೊತ್ತಾಗಲೇ ಇಲ್ಲ. ಕರೆಂಟು ಹೋಗಿ ಒಂದು ಗಂಟೆ ಆಗಿತ್ತು. ಯುಪಿಎಸ್ ಕೂಡ ಕೀಂ ಕೀಂ ಅಂದು ಸುಮ್ಮನಾಗಿತ್ತು. ಇದಕ್ಕಿಂತ ಒಳ್ಳೆ ಸಮಯ ಎಲ್ಲಿ ಸಿಗಬೇಕು ಅಂತ, ಶೋಕೇಸಿನಲ್ಲಿ ಎರಡು ವರ್ಷದಿಂದ ಧೂಳು ತಿನ್ನುತ್ತಾ ಕೂತಿದ್ದ ರೋಮನ್ ಹಣತೆಯನ್ನು ತೆಗೆದೆ. ಅಸಲಿ ಅಲ್ಲ, ನಕಲು. ಇಟಲಿಗೆ ಹೋದಾಗ ಪೊಂಪೆಯ ಹಾಳೂರು ಸುತ್ತಿ ಸುಸ್ತಾಗಿ ಹೊರಗೆ ಬಂದು, ರಸ್ತೆ ಬದಿಯ ಅಂಗಡಿಯಲ್ಲಿ ಚೌಕಾಸಿ ಮಾಡಿ ಎಂಟು ಯೂರೋಗೆ ತಂದದ್ದು. ಅಂಗೈ ಅಗಲ. ಕೆಂಪು ಮಣ್ಣು, ಒಂದು ಕಡೆ ಮೂತಿ, ಇನ್ನೊಂದು ಕಡೆ ಬೆರಳು ತೂರಿಸಲು ಹಿಡಿ, ನಡುವೆ ತಟ್ಟೆಯಂತೆ ತಗ್ಗಾದ ಮುಚ್ಚಳ. ಆ ಮುಚ್ಚಳದ ಮೇಲೆ ಇಬ್ಬರು ಗ್ಲಾಡಿಯೇಟರ್‌ಗಳು. ಒಬ್ಬ ಕತ್ತಿ ಎತ್ತಿದ್ದಾನೆ, ಇನ್ನೊಬ್ಬ ಮಂಡಿಯೂರಿದ್ದಾನೆ.

ಸಲಾಡಿಗೆ ಅಂತ ತಂದು ಅರ್ಧ ಉಳಿದಿದ್ದ ಆಲಿವ್ ಎಣ್ಣೆ ಅಡುಗೆಮನೆಯಲ್ಲಿತ್ತು. ದೇವರ ಮನೆಯ ಡಬ್ಬಿಯಿಂದ ಎರಡು ಉದ್ದ ಬತ್ತಿ ತೆಗೆದು, ಸೇರಿಸಿ ಹೊಸೆದು, ಮೂತಿಯೊಳಗೆ ತುರುಕಿದೆ.

"ಏನೋ ಇದು, ಹಣತೆಯೋ ಟೀ ಪಾಟೋ?" ಅಂದಳು ಅಮ್ಮ, ಮೊಬೈಲ್ ಟಾರ್ಚು ಹಿಡಿದುಕೊಂಡು.

ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಹಣತೆ ಬಾಯಿ ತೆರೆದ ಬಟ್ಟಲು. ಎಣ್ಣೆ ಎಷ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ, ಕಡ್ಡಿಯಲ್ಲಿ ಬತ್ತಿ ಮುಂದಕ್ಕೆ ತಳ್ಳಬಹುದು. ರೋಮನ್ನರದು ಪೂರ್ತಿ ಮುಚ್ಚಿದ ಪಾತ್ರೆ. ಒಂದು ಲೆಕ್ಕದಲ್ಲಿ ನಮ್ಮ ಬುಡ್ಡಿ ದೀಪದ ಜಾತಿಗೆ ಹತ್ತಿರ. ಎಣ್ಣೆ ಹಾಕಲು ಮೇಲೆ ಪೆನ್ಸಿಲ್ ತೂರುವಷ್ಟು ಒಂದು ತೂತು. ಬತ್ತಿಗೆ ಮೂತಿಯಲ್ಲಿ ಇನ್ನೊಂದು. ಕೆಲವದರಲ್ಲಿ ಗಾಳಿಗೆ ಅಂತ ಸೂಜಿಮೊನೆಯಷ್ಟು ಮೂರನೆಯದು. ಮುಚ್ಚಿದ್ದರಿಂದ ಅನುಕೂಲವೂ ಇದೆ. ಕೈಯಲ್ಲಿ ಹಿಡಿದು ಓಡಾಡಿದರೆ ಚೆಲ್ಲುವುದಿಲ್ಲ. ಇಲಿ ಬಂದು ನೆಕ್ಕುವುದಿಲ್ಲ. ಇನ್ನೊಂದು ಅನುಕೂಲ ಇದೆ, ಅದನ್ನು ನಾನು ಆಮೇಲೆ ಯೋಚನೆ ಮಾಡಿದ್ದು: ಮುಚ್ಚಳ ಅಂತ ಒಂದಿದ್ದರೆ ತಾನೇ ಅದರ ಮೇಲೆ ಚಿತ್ರ ಮೂಡಿಸಲು ಆಗುವುದು!

ಚಮಚದಲ್ಲಿ ಎಣ್ಣೆ ಹೊಯ್ದೆ. ತೂತು ಸಣ್ಣದು, ಎಣ್ಣೆ ನಿಧಾನ. ಮೊದಲು ತಟ್ಟೆಯಲ್ಲೇ ನಿಂತಿತು. ಮಂಡಿಯೂರಿದವನು ಸೊಂಟದವರೆಗೆ ಮುಳುಗಿದ. ಕತ್ತಿ ಎತ್ತಿದವನ ಕಾಲು ಕಾಣಲಿಲ್ಲ. ಆಮೇಲೆ ಗುಳುಗುಳು ಅಂತ ಒಂದು ಗುಳ್ಳೆ ಮೇಲೆ ಬಂದು ಎಣ್ಣೆ ಒಳಗೆ ಇಳಿಯಿತು. ತಟ್ಟೆ ಯಾಕೆ ತಗ್ಗಾಗಿದೆ ಅಂತ ಆಗ ಅರ್ಥವಾಯಿತು. ಅದು ಚಿತ್ರದ ಚೌಕಟ್ಟೂ ಹೌದು, ಚೆಲ್ಲಿದ ಎಣ್ಣೆಯನ್ನು ಹಿಡಿದು ಒಳಗೆ ಕಳಿಸುವ ಆಲಿಕೆಯೂ ಹೌದು.

ದೀಪ ಹತ್ತಿತು. ಚೆನ್ನಾಗಿಯೇ ಉರಿಯಿತು. ಕಾಲು ಗಂಟೆ ಕಳೆದ ಮೇಲೆ ಅಮ್ಮ ಮೇಜಿನ ಬಟ್ಟೆ ಮುಟ್ಟಿ ನೋಡಿ "ಅಯ್ಯೋ" ಅಂದಾಗಲೇ ಗೊತ್ತಾಗಿದ್ದು, ಹಣತೆಯ ಮೈಯೆಲ್ಲ ಬೆವರುತ್ತಿತ್ತು. ಒಂದು ಸ್ಟೀಲ್ ತಟ್ಟೆ ತಂದು ಕೆಳಗಿಟ್ಟೆವು.

ಎಂಟು ಯೂರೋ ವಸ್ತು, ಶೋಕೇಸಿಗೆ ಅಂತಲೇ ಮಾಡಿದ್ದು, ಸೋರದೆ ಇನ್ನೇನು. ಆದರೆ ಎರಡು ಸಾವಿರ ವರ್ಷದ ಹಿಂದಿನ ಕುಂಬಾರ ಹೀಗೆ ಮಾಡುತ್ತಿರಲಿಲ್ಲ. ಹಣತೆಯನ್ನು ಸುಡುವ ಮುಂಚೆ, ನುಣ್ಣಗೆ ಸೋಸಿದ ಜೇಡಿಮಣ್ಣಿನ ತೆಳು ನೀರಿನಲ್ಲಿ ಅದನ್ನು ಅದ್ದಿ ತೆಗೆಯುತ್ತಿದ್ದ. ಆವಿಗೆಯಲ್ಲಿ ಬೆಂದಾಗ ಆ ಪದರ ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚುತ್ತಿತ್ತು. ವಸ್ತುಸಂಗ್ರಹಾಲಯಗಳಲ್ಲಿ ಈ ಹಣತೆಗಳಿಗೆ ಕಿತ್ತಳೆ, ಕಂದು, ಚಾಕೊಲೇಟ್ ಬಣ್ಣದ ಮಂದ ಹೊಳಪು ಕಾಣುತ್ತದಲ್ಲ, ಅದೇ ಆ ಪದರ. ನಾನು ಅದನ್ನು ಅಂದಕ್ಕೆ ಬಳಿದ ಬಣ್ಣ ಅಂತಲೇ ತಿಳಿದಿದ್ದೆ. ಅಂದಕ್ಕೂ ಇರಬಹುದು. ಆದರೆ ಮೇಜಿನ ಬಟ್ಟೆ ಹಾಳಾದ ಮೇಲೆ ಅದರ ಇನ್ನೊಂದು ಕೆಲಸ ಚೆನ್ನಾಗಿ ಮನದಟ್ಟಾಯಿತು.

ಲ್ಯಾಟಿನ್ನಿನಲ್ಲಿ ಇದಕ್ಕೆ ಲುಸೆರ್ನಾ ಅನ್ನುತ್ತಿದ್ದರು. ಮೊದಮೊದಲು ಎಲ್ಲ ಕಡೆಯಂತೆ ಇದೂ ಕುಂಬಾರನ ಚಕ್ರದ ಮೇಲೆ ತಿರುಗಿಸಿ ಮಾಡಿದ್ದೇ. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ಜಗತ್ತಿನ ಪೂರ್ವದ ಊರುಗಳಲ್ಲಿ ಅಚ್ಚು ಬಂತು. ರೋಮ್ ಅದನ್ನು ತಡವಾಗಿ ಕಲಿತು, ಚಕ್ರವರ್ತಿ ಅಗಸ್ಟಸ್‌ನ ಕಾಲದ ಹೊತ್ತಿಗೆ, ಅಂದರೆ ಕ್ರಿಸ್ತ ಹುಟ್ಟಿದ ಆಸುಪಾಸಿಗೆ, ಅಗಲ ತಟ್ಟೆಯ ಚಿತ್ರದ ಹಣತೆ ಎಲ್ಲರ ಮನೆಯ ವಸ್ತುವಾಯಿತು.

ಅಚ್ಚಿನ ಕೆಲಸ ಹೀಗೆ. ಮೊದಲು ಕುಶಲ ಕೈಯೊಬ್ಬ ಒಂದು ಮೂಲ ಹಣತೆಯನ್ನು ಗಟ್ಟಿಯಾಗಿ ಕೆತ್ತಿ ಮಾಡುತ್ತಾನೆ. ಅದರ ಮೇಲೆ ಪ್ಲಾಸ್ಟರ್ ಸುರಿದು ಮೇಲಿನ ಅರ್ಧಕ್ಕೊಂದು, ಕೆಳಗಿನ ಅರ್ಧಕ್ಕೊಂದು ಅಚ್ಚು ತೆಗೆಯುತ್ತಾನೆ. ಆಮೇಲಿನದಕ್ಕೆ ಕುಶಲತೆ ಬೇಕಿಲ್ಲ. ರೊಟ್ಟಿ ತಟ್ಟಿದಂತೆ ಮಣ್ಣನ್ನು ತೆಳ್ಳಗೆ ಮಾಡಿ ಎರಡೂ ಅಚ್ಚಿಗೆ ಬೆರಳಲ್ಲಿ ಒತ್ತುವುದು. ಅಂಚಿಗೆ ಮಣ್ಣಿನ ನೀರು ಸವರಿ ಎರಡನ್ನೂ ಜೋಡಿಸುವುದು. ಪ್ಲಾಸ್ಟರು ನೀರು ಹೀರಿಕೊಳ್ಳುತ್ತದೆ, ಮಣ್ಣು ಒಣಗಿ ಕುಗ್ಗಿ ತಾನಾಗಿ ಅಚ್ಚು ಬಿಡುತ್ತದೆ. ಆಚೆ ತೆಗೆದು, ಸೇರಿದ ಜಾಗ ಒರೆಸಿ, ತೂತು ಕೊರೆದರೆ ಆಯಿತು.

ಒಡೆದ ಹಣತೆಗಳ ಒಳಮೈ ನೋಡಬೇಕು. ಹೊರಗೆ ಎಲ್ಲ ನಯವಾಗಿದ್ದರೂ ಒಳಗೆ ಒತ್ತಿದ ಬೆರಳಿನ ಗುರುತು ಹಾಗೇ ಇರುತ್ತದೆ. ಮುಚ್ಚಿದ ಪಾತ್ರೆಯಲ್ವಾ, ಒಳಗಡೆ ಯಾರು ನೋಡಬೇಕು ಅಂತ ಬಿಟ್ಟದ್ದು. ಹೊರಮೈಯಲ್ಲೂ ಒಂದು ಗುರುತಿದೆ. ಪ್ಲಾಸ್ಟರ್ ಕಲಸುವಾಗ ಗಾಳಿಗುಳ್ಳೆ ಉಳಿದರೆ ಅಚ್ಚಿನಲ್ಲಿ ಸಣ್ಣ ಕುಳಿಯಾಗುತ್ತದೆ. ಆ ಕುಳಿಗೆ ಮಣ್ಣು ತುಂಬಿ ಹಣತೆಯ ಮೇಲೆ ಸಾಸಿವೆ ಕಾಳಿನಂಥ ಗುಂಡು ಎದ್ದು ನಿಲ್ಲುತ್ತದೆ. ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ ನೋಡಿದರೆ ಎಷ್ಟೋ ದೇವತೆಗಳ ಕೆನ್ನೆಯ ಮೇಲೆ, ಸಿಂಹದ ಬೆನ್ನ ಮೇಲೆ ಈ ಕಾಳುಗಳು ಕಾಣುತ್ತವೆ. ಮೊದಲ ಸಲ ನೋಡಿದಾಗ ನಾನು ಆಭರಣ ಅಂದುಕೊಂಡಿದ್ದೆ. ಕೆಲಸದವನ ಆತುರ ಅದು.

ಈಗ ಕಳ್ಳತನದ ವಿಷಯ. ಪಕ್ಕದ ಊರಿನ ಕುಂಬಾರನ ಹಣತೆ ಚೆನ್ನಾಗಿ ಓಡುತ್ತಿದೆ ಅಂದರೆ ಮೂಲ ಕೆತ್ತುವ ತಾಪತ್ರಯ ಯಾಕೆ? ಅವನ ಅಂಗಡಿಯಿಂದಲೇ ಒಂದು ಹಣತೆ ಕೊಂಡು ತಂದು, ಅದರ ಮೇಲೆಯೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆದುಬಿಟ್ಟರೆ ಮುಗಿಯಿತು. ಎಲ್ಲರೂ ಇದನ್ನೇ ಮಾಡಿದರು. ಆದರೆ ಮಣ್ಣಿಗೆ ಒಂದು ಗುಣ ಇದೆ, ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಆದ್ದರಿಂದ ನಕಲು ಯಾವಾಗಲೂ ಮೂಲಕ್ಕಿಂತ ಒಂದು ಸುತ್ತು ಚಿಕ್ಕದು. ನಕಲಿನ ನಕಲು ಇನ್ನೂ ಚಿಕ್ಕದು. ಮುಖದ ಮೂಗು ಮೊದಲು ಮಾಯ, ಆಮೇಲೆ ಕಣ್ಣು. ನಾಲ್ಕನೇ ತಲೆಮಾರಿಗೆ ಬರುವಷ್ಟರಲ್ಲಿ ಗ್ಲಾಡಿಯೇಟರ್ ಬರೀ ಒಂದು ಉಬ್ಬು. ಒಂದೇ ಚಿತ್ರದ ಹತ್ತಾರು ಹಣತೆಗಳನ್ನು ಅಳೆದು ಸಾಲಾಗಿ ಜೋಡಿಸಿದರೆ ಯಾರು ಅಜ್ಜ, ಯಾರು ಮೊಮ್ಮಗ ಅಂತ ಹೇಳಬಹುದು. ಇತಿಹಾಸಕಾರರು ಹಾಗೇ ಮಾಡುತ್ತಾರೆ ಕೂಡ.

ಕದ್ದ ಮಾಲಿನಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಫೋರ್ಟಿಸ್. ಉತ್ತರ ಇಟಲಿಯ ಮೊಡೇನಾ, ಆಗಿನ ಹೆಸರು ಮುಟಿನಾ, ಆ ಊರಿನ ತಯಾರಿಕೆ ಇದು. ಕ್ರಿ.ಶ. 1ನೇ ಶತಮಾನದಲ್ಲಿ ಶುರುವಾಯಿತು. ಹಣತೆಯ ಬುಡದಲ್ಲಿ ಉಬ್ಬಿದ ಅಕ್ಷರಗಳಲ್ಲಿ ಫೋರ್ಟಿಸ್ ಅಂತ ಹೆಸರು. ಗಟ್ಟಿಗ ಅಂತ ಅರ್ಥ. ಈ ಹಣತೆ ಸಾಮ್ರಾಜ್ಯದ ಮೂಲೆಮೂಲೆಯಲ್ಲಿ ಸಿಗುತ್ತದೆ. ಎಲ್ಲ ಮೊಡೇನಾದಿಂದ ಹೋದದ್ದಲ್ಲ. ನಕಲು ಮಾಡಿದವರು ಬುಡದ ಹೆಸರನ್ನೂ ಸೇರಿಸಿಯೇ ನಕಲು ಮಾಡಿದರು. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಇನ್ನೂರೈವತ್ತಕ್ಕೆ ಸಿಗುವ ದೊಡ್ಡ ಕಂಪನಿಯ ಶೂ ನೆನಪಾಗುತ್ತದೆ. 2008ರಲ್ಲಿ ಮೊಡೇನಾದಲ್ಲೇ ಅಗೆಯುವಾಗ ಹಳೆ ಕುಂಬಾರರು ಎಸೆದ ಕಸದ ರಾಶಿ ಸಿಕ್ಕಿತು. ಅದರಲ್ಲಿ ಫೋರ್ಟಿಸ್ ಜೊತೆಗೆ ಸ್ಟ್ರೋಬಿಲಿ, ಕಮ್ಯೂನಿಸ್, ಯೂಕಾರ್ಪಿ ಅನ್ನುವ ಹೆಸರುಗಳೂ ಇದ್ದವು. ಒಂದೇ ಊರಿನಲ್ಲಿ ಇಷ್ಟು ಬ್ರಾಂಡು.

ತಮಾಷೆ ಏನೆಂದರೆ ಇಷ್ಟೊಂದು ಮಾರಾಟವಾದ ಈ ಹಣತೆಗೆ ಚಿತ್ರವೇ ಇಲ್ಲ ಅನ್ನಬಹುದು. ತಟ್ಟೆ ಖಾಲಿ, ಇಲ್ಲವೇ ನಡುವೆ ಒಂದು ಸಣ್ಣ ನಾಟಕದ ಮುಖವಾಡ, ಅಷ್ಟೆ. ಪೊಂಪೆಯಲ್ಲಿ 1881ರಲ್ಲಿ ಒಂದು ಮರದ ಪೆಟ್ಟಿಗೆಯ ಸರಕು ಸಿಕ್ಕಿತ್ತು. ಅದರಲ್ಲಿ ಈಗಿನ ಫ್ರಾನ್ಸಿನ ದಕ್ಷಿಣದಿಂದ ಬಂದ ಸುಮಾರು 90 ಕೆಂಪು ಬಟ್ಟಲುಗಳು, ಜೊತೆಗೆ ಉತ್ತರ ಇಟಲಿಯ ಈ ಥರದ ಮೂವತ್ತಕ್ಕೂ ಜಾಸ್ತಿ ಹಣತೆಗಳು. ಯಾರೋ ತರಿಸಿದ್ದರು, ಬಿಚ್ಚಿ ಜೋಡಿಸಲು ಪುರಸೊತ್ತಾಗಲಿಲ್ಲ. ಕ್ರಿ.ಶ. 79ರಲ್ಲಿ ಪಕ್ಕದ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಊರೇ ಬೂದಿಯಲ್ಲಿ ಹೂತುಹೋಯಿತು. ಪೊಂಪೆಯಲ್ಲೇ ಕುಂಬಾರರಿದ್ದರು, ಅಲ್ಲೇ ಹಣತೆಯ ಅಚ್ಚುಗಳೂ ಸಿಕ್ಕಿವೆ. ಆದರೂ ಹೊರಗಿನ ಮಾಲು ತರಿಸುವವರು ಆಗಲೂ ಇದ್ದರು.

ಚಿತ್ರದ ಹಣತೆಗೆ ವಾಪಸ್ ಬರುತ್ತೇನೆ, ನನ್ನ ಆಸಕ್ತಿ ಇರುವುದು ಅಲ್ಲಿ.

ಶ್ರೀಮಂತರ ಮನೆಯಲ್ಲಿ ಕಂಚಿನ ದೀಪ, ಎದೆಮಟ್ಟದ ಕಂಚಿನ ದೀಪಸ್ತಂಭ, ಗೋಡೆ ತುಂಬ ಬಣ್ಣದ ಚಿತ್ರ, ನೆಲದಲ್ಲಿ ಮೊಸಾಯಿಕ್. ಐದನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಇದ್ದವನಿಗೆ? ಅವನ ಪಾಲಿಗೆ ಮನೆಯಲ್ಲಿದ್ದ ಚಿತ್ರ ಅಂದರೆ ಬಹುಶಃ ಹಣತೆಯ ಮೇಲಿನ ಈ ಅಂಗೈ ಅಗಲದ ತಟ್ಟೆ ಒಂದೇ. ಬಡವನ ಮನೆಯ ಕ್ಯಾಲೆಂಡರ್ ಇದ್ದಂತೆ.

ಏನೇನಿತ್ತು ಅದರಲ್ಲಿ? ಹದ್ದಿನ ಜೊತೆ ಜುಪಿಟರ್. ಚಿಲುಮೆಯ ಪಕ್ಕ ವೀನಸ್. ರಥದ ಓಟದಲ್ಲಿ ಗೆದ್ದ ಕುದುರೆ. ಬೀಳುತ್ತಿರುವ ಗ್ಲಾಡಿಯೇಟರ್, ಅಥವಾ ಅವನ ಶಿರಸ್ತ್ರಾಣ, ಗುರಾಣಿ, ಕತ್ತಿ ಮಾತ್ರ ಸುತ್ತ ಜೋಡಿಸಿದ್ದು. ಮೊಲ ಅಟ್ಟಿಸಿಕೊಂಡು ಹೋಗುವ ನಾಯಿ. ಹುಂಜ. ಸಮುದ್ರದ ಚಿಪ್ಪು. ದೋಣಿಯಲ್ಲಿ ಬಲೆ ಎಳೆಯುವ ಮೀನುಗಾರ. ಮೊಸಳೆಯ ಮೇಲೆ ಕೂತು ಅಸಭ್ಯವಾಗಿ ಏನೋ ಮಾಡುತ್ತಿರುವ ಹೆಂಗಸು, ಇದು ಕ್ಲಿಯೋಪಾತ್ರಳನ್ನು ಗೇಲಿ ಮಾಡಿದ್ದು ಅಂತ ಕೆಲವು ವಿದ್ವಾಂಸರ ಮಾತು. ಗಂಡು ಹೆಣ್ಣಿನ ಮಂಚದ ದೃಶ್ಯಗಳಂತೂ ಧಾರಾಳ. ಇವು ಬರೀ ವೇಶ್ಯಾಗೃಹದ ಸರಕಲ್ಲ. ಮನೆಗಳಲ್ಲೂ ಸಿಕ್ಕಿವೆ, ಗೋರಿಗಳಲ್ಲೂ ಸಿಕ್ಕಿವೆ. ಮಲಗುವ ಕೋಣೆಯ ದೀಪ ಎಲ್ಲವನ್ನೂ ನೋಡುತ್ತದೆ, ಆದರೆ ಬಾಯಿ ಬಿಡುವುದಿಲ್ಲ ಅನ್ನುವುದು ರೋಮನ್ ಕವಿಗಳಿಗೆ ಇಷ್ಟದ ಮಾತು. ಮಾರ್ಷಲ್ ಅನ್ನುವ ಕವಿ ಹಣತೆಯ ಬಾಯಲ್ಲೇ ಅದನ್ನು ಹೇಳಿಸಿದ್ದಾನೆ.

ನನಗೆ ತುಂಬಾ ಇಷ್ಟವಾದದ್ದು ಹೊಸ ವರ್ಷದ ಹಣತೆ. ರೆಕ್ಕೆಯ ವಿಜಯದೇವತೆ ಒಂದು ದುಂಡು ಗುರಾಣಿ ಹಿಡಿದು ನಿಂತಿದ್ದಾಳೆ. ಸುತ್ತಲೂ ನಾಣ್ಯ, ಖರ್ಜೂರ, ಅಂಜೂರ. ಹೊಸ ವರ್ಷದ ದಿನ ಒಬ್ಬರಿಗೊಬ್ಬರು ಕೊಡುತ್ತಿದ್ದ ವಸ್ತುಗಳೇ ಅವು, ಮಣ್ಣಿನಲ್ಲಿ. ಗುರಾಣಿಯ ಮೇಲೆ ಪುಟಾಣಿ ಅಕ್ಷರದಲ್ಲಿ ಹೊಸ ವರ್ಷ ಶುಭವಾಗಲಿ, ಸುಖವಾಗಲಿ ಅಂತ ಬರೆದಿದೆ. ಯಾರಿಗೆ? ಕೆಲವದರಲ್ಲಿ ನಿನಗೆ ಅಂತಿದೆ. ಇನ್ನು ಕೆಲವದರಲ್ಲಿ ಸೀದಾ ನನಗೆ ಅಂತಲೇ ಇದೆ! ಸಂಕೋಚವೇ ಇಲ್ಲ. ತೆಗೆದುಕೊಂಡವನು ಓದಿಕೊಂಡರೆ ಸರಿಹೋಗಲಿ ಅಂತ ಹಾಗೆ ಬರೆದರೋ, ತನಗೆ ತಾನೇ ಕೊಂಡುಕೊಳ್ಳುವವರು ಜಾಸ್ತಿ ಇದ್ದರೋ.

ಚಿತ್ರ ಚೆನ್ನಾಗಿ ಬಂತು. ಈಗ ಎಣ್ಣೆಗೆ ತೂತು ಎಲ್ಲಿ ಕೊರೆಯುವುದು? ಕುಂಬಾರನ ನಿಜವಾದ ಫಜೀತಿ ಇದು. ಕಾಳಜಿ ಇದ್ದವನು ಚಿತ್ರದ ಪಕ್ಕ ಖಾಲಿ ಜಾಗ ಹುಡುಕುತ್ತಿದ್ದ. ಕಾಲುಗಳ ನಡುವೆ, ಕುದುರೆಯ ಹೊಟ್ಟೆಯ ಕೆಳಗೆ, ಬೀಸಿದ ಕತ್ತಿಗೂ ತಲೆಗೂ ನಡುವಿನ ಸಂದಿಯಲ್ಲಿ. ತೂತು ನಡುವಿನಿಂದ ಪಕ್ಕಕ್ಕೆ ಸರಿದಿದ್ದರೆ ಕಾರಣ ಇದೇ. ಸಂಜೆಯೊಳಗೆ ಇನ್ನೂರು ಮುಗಿಸಬೇಕಾದವನಿಗೆ ಅಷ್ಟೆಲ್ಲ ಪುರಸೊತ್ತು ಎಲ್ಲಿ? ದೇವರ ಹೊಟ್ಟೆಗೇ ಕಡ್ಡಿ ಚುಚ್ಚಿ ಮುಂದಿನದಕ್ಕೆ ಕೈ ಹಾಕಿದ. ಅಂಥವೂ ಬೇಕಾದಷ್ಟಿವೆ. ಕೊಂಡವರು ತಕರಾರು ಮಾಡಿದಂತೆ ಕಾಣೆ. ದೀಪ ಉರಿದರೆ ಸಾಕಿತ್ತಲ್ಲ.

ಬೆಲೆ ಎಷ್ಟಿತ್ತು? ಉತ್ತರ ಆಫ್ರಿಕಾದ ಒಬ್ಬ ಕುಂಬಾರ ತನ್ನ ಹಣತೆಯ ಮೇಲೇ ಜಾಹೀರಾತು ಬರೆದಿಟ್ಟಿದ್ದಾನೆ: ಒಂದು ಆಸ್‌ಗೆ ಹಣತೆ ಕೊಳ್ಳಿರಿ ಅಂತ. ಆಸ್ ಅಂದರೆ ತಾಮ್ರದ ಚಿಲ್ಲರೆ ಕಾಸು. ಪೊಂಪೆಯ ಒಂದು ಹೆಂಡದಂಗಡಿಯ ಗೋಡೆಬರಹದ ಪ್ರಕಾರ ಒಂದು ಆಸ್‌ಗೆ ಸಾಧಾರಣ ವೈನು, ಎರಡಕ್ಕೆ ಅದಕ್ಕಿಂತ ಒಳ್ಳೆಯದು, ನಾಲ್ಕು ಕೊಟ್ಟರೆ ಹೆಸರಾಂತ ಫಲೆರ್ನಿಯನ್. ಅಂದರೆ ಕಡಿಮೆ ದರ್ಜೆಯ ಒಂದು ಲೋಟ ವೈನಿನ ಕಾಸಿಗೆ ಒಂದು ದೀಪ ಬರುತ್ತಿತ್ತು. ಒಡೆದರೆ ಅಳಬೇಕಿಲ್ಲ.

ದುಡ್ಡು ಹೋಗುತ್ತಿದ್ದದ್ದು ಎಣ್ಣೆಗೆ. ಆಲಿವ್ ಬೆಳೆಯುವ ಸೀಮೆಯಲ್ಲಿ ಉಣ್ಣುವುದೂ ಅದೇ, ಸ್ನಾನಕ್ಕೆ ಮೈಗೆ ತಿಕ್ಕುವುದೂ ಅದೇ, ದೀಪಕ್ಕೂ ಅದೇ. ರೋಮ್ ನಗರದಲ್ಲಿ ಮಾಂಟೆ ಟೆಸ್ಟಾಚಿಯೋ ಅಂತ ಒಂದು ಗುಡ್ಡ ಇದೆ, ಸುಮಾರು 35 ಮೀಟರ್ ಎತ್ತರ. ಅದು ನಿಜವಾದ ಗುಡ್ಡವೇ ಅಲ್ಲ. ಸ್ಪೇನಿನಿಂದ, ಉತ್ತರ ಆಫ್ರಿಕಾದಿಂದ ಎಣ್ಣೆ ತುಂಬಿಕೊಂಡು ಬಂದ ದೊಡ್ಡ ದೊಡ್ಡ ಮಣ್ಣಿನ ಜಾಡಿಗಳನ್ನು ಖಾಲಿ ಮಾಡಿ, ಒಡೆದು, ಒಟ್ಟಿದ ರಾಶಿ. ಎಣ್ಣೆ ಇಂಗಿದ ಜಾಡಿ ಇನ್ನೊಂದಕ್ಕೆ ಬರುವುದಿಲ್ಲ, ಕಮಟು ವಾಸನೆ ಹೊಡೆಯುತ್ತದೆ. ಅಂಥ ಎಣ್ಣೆ ಜಾಡಿಯ ಚೂರುಗಳು ನಮ್ಮ ಪುದುಚೇರಿ ಪಕ್ಕದ ಅರಿಕಮೇಡುವಿನಲ್ಲೂ ಸಿಕ್ಕಿವೆ. 1945ರಲ್ಲಿ ಅಲ್ಲಿ ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಎರಡು ವರ್ಷ ಬಿಟ್ಟು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗೆ ಬಂದದ್ದು ಬೇರೆ ಕಥೆ.

ಆಲಿವ್ ಇಲ್ಲದ ಕಡೆ ಬೇರೆ ಎಣ್ಣೆ. ಈಜಿಪ್ಟಿನಲ್ಲಿ ಹರಳೆಣ್ಣೆ. ರೋಮನ್ ಬರಹಗಾರ ಹಿರಿಯ ಪ್ಲಿನಿಗೆ ಅದು ಸೇರುತ್ತಿರಲಿಲ್ಲ, ತಿನ್ನಲು ಹೇಸಿಗೆ, ದೀಪಕ್ಕೆ ಹಾಕಿದರೆ ಮಂಕು ಅಂತ ಬರೆದಿದ್ದಾನೆ. ಹರಳೆಣ್ಣೆ ದೀಪದ ಕೆಳಗೆ ಓದಿದ ನಮ್ಮ ಹಿರಿಯರು ಈ ಮಾತು ಒಪ್ಪುತ್ತಿದ್ದರೋ ಇಲ್ಲವೋ. ಆಲ್ಪ್ಸ್ ಪರ್ವತದ ಆಚೆ ಎಣ್ಣೆ ತುಂಬಾ ದೂರದಿಂದ ಬರಬೇಕಿತ್ತು. ಸ್ವಿಟ್ಜರ್ಲೆಂಡಿನ ವಿಂಡೋನಿಸಾದಲ್ಲಿ ರೋಮನ್ ಸೈನ್ಯದ ದೊಡ್ಡ ಶಿಬಿರ ಇತ್ತು. ಅಲ್ಲಿಯ ಸೈನಿಕರು ಬಿಟ್ಟುಹೋದ ಹಣತೆಗಳು ಎಷ್ಟು ಸಿಕ್ಕವೆಂದರೆ ಪುರಾತತ್ವಜ್ಞ ಝೀಗ್ಫ್ರೀಡ್ ಲೋಶ್ಕೆ 1919ರಲ್ಲಿ ಅವನ್ನೇ ಇಟ್ಟುಕೊಂಡು ರೋಮನ್ ಹಣತೆಗಳ ಬಗೆಗಳನ್ನು ವಿಂಗಡಿಸಿದ. ಮೂತಿಯ ಆಕಾರ ನೋಡಿ ಕಾಲ ಹೇಳುವ ಆ ಪಟ್ಟಿ ಇವತ್ತಿಗೂ ಚಾಲ್ತಿಯಲ್ಲಿದೆ. ಸೈನ್ಯ ಇದ್ದಲ್ಲಿ ಎಣ್ಣೆ, ಎಣ್ಣೆ ಇದ್ದಲ್ಲಿ ಹಣತೆ. ಉಳಿದವರು ಕೊಬ್ಬಿನ ದೀಪ, ಮೇಣದ ಬತ್ತಿ, ಒಲೆಯ ಬೆಂಕಿಯಲ್ಲಿ ಕಾಲ ಹಾಕಿದರು.

ಒಂದು ಮೂತಿಯ ಹಣತೆ ಕೊಡುವ ಬೆಳಕು ಹೆಚ್ಚುಕಮ್ಮಿ ಒಂದು ಮೇಣದಬತ್ತಿಯಷ್ಟು. ನಾನು ಅದರ ಪಕ್ಕ ಪೇಪರ್ ಹಿಡಿದು ನೋಡಿದೆ. ತಲೆಬರಹ ಆರಾಮಾಗಿ ಕಾಣುತ್ತದೆ. ಸಣ್ಣಕ್ಷರ ಓದಲು ಎಷ್ಟು ಹತ್ತಿರ ಹೋಗಬೇಕೆಂದರೆ ಹುಬ್ಬು ಸುಟ್ಟೀತು ಅನ್ನಿಸುತ್ತದೆ. ಈ ಬೆಳಕಿನಲ್ಲಿ ಹಿರಿಯ ಪ್ಲಿನಿ ಓದುತ್ತಿದ್ದ, ಬರೆಯುತ್ತಿದ್ದ. ಆಗಸ್ಟ್ 23ರ ವಲ್ಕನಾಲಿಯಾ ಹಬ್ಬದಿಂದ ಅವನ ದೀಪದ ಓದು ಶುರು, ಇನ್ನೂ ಕಗ್ಗತ್ತಲೆ ಇರುವಾಗಲೇ ಎದ್ದು ಕೂರುತ್ತಿದ್ದ ಅಂತ ಅವನ ಸೋದರಳಿಯ ಬರೆದಿದ್ದಾನೆ. ಆ ಸೋದರಮಾವ ಸತ್ತದ್ದು ವೆಸೂವಿಯಸ್ ಸಿಡಿದಾಗಲೇ.

ಸ್ಕೂಲಿನ ಹುಡುಗರ ಪಾಡು ಇನ್ನೂ ಕಷ್ಟ. ರೋಮನ್ ಮೇಷ್ಟ್ರು ಬೆಳಕು ಹರಿಯುವ ಮುಂಚೆಯೇ ಪಾಠ ಶುರು ಮಾಡುತ್ತಿದ್ದರು, ಹುಡುಗರು ತಮ್ಮ ತಮ್ಮ ದೀಪ ತರಬೇಕಿತ್ತು. ವಿಡಂಬನೆಯ ಕವಿ ಜುವೆನಲ್ ಆ ಕೋಣೆಯನ್ನು ಎರಡು ಸಾಲಿನಲ್ಲಿ ತೋರಿಸಿದ್ದಾನೆ. ಎಷ್ಟು ಹುಡುಗರೋ ಅಷ್ಟು ದೀಪದ ನಾತ. ಪಾಠಕ್ಕಿಟ್ಟ ಕವಿಗಳಲ್ಲಿ ಹೊರೇಸನ ಪ್ರತಿ ಬಣ್ಣ ಕೆಟ್ಟಿದೆ, ವರ್ಜಿಲ್‌ನ ಪ್ರತಿಗೆ ಮಸಿ ಹಿಡಿದಿದೆ. ಮೂವತ್ತು ಮಕ್ಕಳು, ಮೂವತ್ತು ಬತ್ತಿ, ಮುಚ್ಚಿದ ಬಾಗಿಲು. ಮೂಗಿನ ಒಳಗೂ ಮಸಿಯೇ ಇರಬೇಕು. ಬುಡ್ಡಿ ದೀಪದಲ್ಲಿ ಓದಿ ಬೆಳಗ್ಗೆ ಎದ್ದು ಮೂಗು ಒರೆಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೊಂಪೆಯ ಸ್ನಾನಗೃಹಗಳಲ್ಲಿ ಹಣತೆಗಳು ನೂರಾರು ಸಂಖ್ಯೆಯಲ್ಲಿ ಸಿಕ್ಕಿವೆ. ಕಿಟಕಿ ಕಡಿಮೆ, ಹಬೆ ಜಾಸ್ತಿ, ಕತ್ತಲಾದ ಮೇಲೂ ಜನ. ಗೋಡೆಯಲ್ಲಿ ಅದಕ್ಕೆಂದೇ ಗೂಡು ಬಿಟ್ಟಿದ್ದರು, ಹಿಂದಿನ ಸುಣ್ಣ ಕಪ್ಪಾಗಿದೆ. ಇಷ್ಟೂ ದೀಪಕ್ಕೆ ಯಾರೋ ದಿನಾ ಎಣ್ಣೆ ಹಾಕಬೇಕು, ಬತ್ತಿ ಎಳೆಯಬೇಕು, ಕರಿ ಕಿತ್ತು ತೆಗೆಯಬೇಕು. ಗುಲಾಮರ ಕೆಲಸ ಅದು. ಬತ್ತಿ ಅಗಸೆ ನಾರಿನದು, ಕೆಲವೊಮ್ಮೆ ಗಿಡದ ಎಲೆಯನ್ನೇ ಒಣಗಿಸಿ ಹೊಸೆದದ್ದು. ಮುಂದಕ್ಕೆ ಎಳೆಯಲು ಕಂಚಿನ ಕಡ್ಡಿ. ನನ್ನ ಹಣತೆಗೆ ಸಿಕ್ಕಿದ್ದು ಅಮ್ಮನ ಹೇರ್‌ಪಿನ್ನು. ಅರ್ಧ ಗಂಟೆಗೊಂದು ಸಲ ಬತ್ತಿ ಎಳೆಯಬೇಕಾಯಿತು. ಎಳೆಯದಿದ್ದರೆ ತುದಿಯಲ್ಲಿ ಅಣಬೆಯಂತೆ ಕರಿ ಕಟ್ಟಿ, ಚಟಚಟ ಅಂದು, ಬೆಳಕು ಕೆಂಪಗೆ ಇಳಿಯುತ್ತದೆ. ರಾತ್ರಿ ನೂಲುತ್ತಾ ಕೂತ ಹುಡುಗಿಯರು ಈ ಅಣಬೆ ನೋಡಿಯೇ ನಾಳೆ ಮಳೆ ಅಂತ ಹೇಳುತ್ತಿದ್ದರು ಅಂತ ವರ್ಜಿಲ್ ಬರೆದಿದ್ದಾನೆ. ಆವತ್ತು ಬೆಂಗಳೂರಿನಲ್ಲಿ ಮಳೆ ಆಗಲೇ ಬರುತ್ತಿತ್ತು. ಹಾಗಾಗಿ ಪರೀಕ್ಷೆ ಮಾಡಲು ಆಗಲಿಲ್ಲ.

ಹತ್ತಿಸದ ಹಣತೆಗಳೂ ಇವೆ. ಗೋರಿಯಲ್ಲಿ ಸತ್ತವರ ಜೊತೆ ಇಟ್ಟವುಗಳಲ್ಲಿ ಕೆಲವಕ್ಕೆ ಮೂತಿಯಲ್ಲಿ ಒಂದು ಚುಕ್ಕೆ ಮಸಿ ಇಲ್ಲ. ಇಷ್ಟೊಂದು ಹಣತೆ ಒಡೆಯದೆ ನಮ್ಮವರೆಗೆ ಬಂದದ್ದು ಮುಖ್ಯವಾಗಿ ಗೋರಿಗಳ ದಯೆಯಿಂದ. ಇನ್ನೂ ವಿಚಿತ್ರವಾದದ್ದು ರೋಮ್ ನಗರದಲ್ಲೇ ಸಿಕ್ಕಿದೆ. 1999ರಲ್ಲಿ ನೆಲದಡಿ ಪಾರ್ಕಿಂಗ್‌ಗೆ ಅಂತ ಅಗೆಯುವಾಗ ಅನ್ನಾ ಪೆರೆನ್ನಾ ಅನ್ನುವ ದೇವತೆಯ ಚಿಲುಮೆ ಬಯಲಾಯಿತು. ಅದರ ತೊಟ್ಟಿಯಲ್ಲಿ ಸುಮಾರು 70 ಹಣತೆ. ಕೆಲವದರೊಳಗೆ ಸೀಸದ ತಗಡಿನ ಸುರುಳಿ. ಬಿಚ್ಚಿ ನೋಡಿದರೆ ಶಾಪ. ಇಂಥವನು ಹಾಳಾಗಲಿ ಅಂತ ಬರೆದು, ಹಣತೆಯೊಳಗೆ ತುರುಕಿ, ನೀರಿಗೆ ಎಸೆದದ್ದು. ಮಾಟ ಅಂದರೆ ಮಾಟ.

ಚಿತ್ರದ ಕಥೆಯಲ್ಲಿ ಇನ್ನೊಬ್ಬ ಕುಂಬಾರ ಬರಬೇಕು. ಕ್ರಿ.ಶ. 3ನೇ ಶತಮಾನದ ಆರಂಭ, ರೋಮ್ ಮತ್ತು ಅದರ ಬಂದರು ಓಸ್ಟಿಯಾದ ಸೀಮೆ. ಬುಡದಲ್ಲಿ ಅನ್ನಿಸೆರ್ ಅಂತ ಮುದ್ರೆ ಇರುತ್ತದೆ. ಆನಿಯಸ್ ಸೆರಾಪಿಯೋಡೋರಸ್ ಅನ್ನುವ ಹೆಸರಿನ ಮೊಟಕು ರೂಪ. ಹೆಸರಿನಲ್ಲಿ ಈಜಿಪ್ಟಿನ ದೇವರು ಸೆರಾಪಿಸ್ ಇದ್ದಾನೆ. ಅವನ ಹಣತೆಗಳಲ್ಲಿ ಹಳೆ ದೇವರುಗಳೂ ಇದ್ದಾರೆ, ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬನೂ ಇದ್ದಾನೆ. ಆ ಕುರುಬ ಕ್ರೈಸ್ತರ ಕಣ್ಣಿಗೆ ಯೇಸು. ಉಳಿದವರ ಕಣ್ಣಿಗೆ ಸುಮ್ನೆ ಒಬ್ಬ ಒಳ್ಳೆ ಕುರುಬ, ಆ ಚಿತ್ರ ಅವರಿಗೆ ಹಳೆಯದೇ. ಒಂದೇ ಅಂಗಡಿ, ಒಂದೇ ಆವಿಗೆ. ಯಾರು ಏನಂತ ಕೊಂಡರು ಅನ್ನುವುದು ಅವನಿಗೆ ಬೇಕಿರಲಿಲ್ಲ. 4, 5ನೇ ಶತಮಾನಕ್ಕೆ ಈಗಿನ ಟ್ಯುನೀಶಿಯಾದ ಕಿತ್ತಳೆ ಬಣ್ಣದ ಹಣತೆಗಳು ಬಂದವು. ಅವುಗಳಲ್ಲಿ ಯೇಸುವಿನ ಹೆಸರಿನ ಗ್ರೀಕ್ ಅಕ್ಷರಗಳ ಚಿಹ್ನೆ ಎದ್ದು ಕಾಣುತ್ತದೆ. ಯಹೂದಿಗಳ ಏಳು ಕವಲಿನ ದೀಪಸ್ತಂಭದ ಚಿತ್ರವೂ ಅದೇ ಮಾದರಿಯ ಹಣತೆಗಳಲ್ಲಿದೆ. ದೀಪದ ಮೇಲೆ ದೀಪದ ಚಿತ್ರ.

ಕರೆಂಟು ಬಂದಾಗ ಹತ್ತೂವರೆ. ಫ್ಯಾನು ತಿರುಗಿತು, ಜ್ವಾಲೆ ಅಡ್ಡ ಮಲಗಿತು. ಸರಿ ಮುಗಿಸೋಣ ಅಂತ ಬಗ್ಗಿ ಉಫ್ ಅನ್ನಲು ಹೋದೆ.

"ಊದಬೇಡ ಕಣೋ, ಬಾಯಲ್ಲಿ ಊದ್ತಾರಾ ಯಾರಾದ್ರೂ?" ಅಂದಳು ಅಮ್ಮ. ದೀಪ ಆರಿಸು ಅನ್ನುವ ಮಾತೇ ನಮ್ಮ ಮನೆಯಲ್ಲಿ ಇಲ್ಲ. ಶಾಂತ ಮಾಡು ಅನ್ನಬೇಕು.

ರೋಮನ್ನರೂ ಹಾಗೇ. ದೀಪವನ್ನು ಯಾಕೆ ಇವರು ಆರಿಸುವುದಿಲ್ಲ, ತಾನಾಗಿ ಆರಲು ಯಾಕೆ ಬಿಡುತ್ತಾರೆ ಅಂತ ಆ ಕಾಲದ ಬರಹಗಾರ ಪ್ಲುಟಾರ್ಕ್ ಕೇಳಿಕೊಂಡಿದ್ದಾನೆ. ಅವನು ಗ್ರೀಕ, ಅವನಿಗೆ ಅದು ಹೊಸದಾಗಿ ಕಂಡಿತ್ತು. ಅವನು ಊಹಿಸಿದ ಕಾರಣಗಳಲ್ಲಿ ಒಂದು ಹೀಗಿದೆ: ಬೆಂಕಿಗೆ ಜೀವ ಇದ್ದಂತಿದೆ. ಅದಕ್ಕೂ ಮೇವು ಬೇಕು, ಅದೂ ತಾನಾಗಿ ಅಲುಗಾಡುತ್ತದೆ, ಆರಿಸಿದರೆ ಕೊಂದಾಗ ಕೂಗಿದಂತೆ ಸದ್ದು ಮಾಡುತ್ತದೆ. ಇನ್ನೊಂದು ಕಾರಣ, ನಮಗೆ ಸಾಕಾಯಿತು ಅಂತ ಹಾಳು ಮಾಡಬಾರದು, ಬೇಕಾದವರಿಗೆ ಬಿಡಬೇಕು. ಅಮ್ಮನಿಗೆ ಇದನ್ನು ಹೇಳಿದೆ. "ಮತ್ತೆ? ಅವರಿಗೆ ಗೊತ್ತಿತ್ತು, ನಿನಗೇ ಗೊತ್ತಿಲ್ಲ" ಅಂದಳು.

ಫ್ಯಾನು ಆಫ್ ಮಾಡಿದೆವು. ಟ್ಯೂಬ್‌ಲೈಟನ್ನೂ ಯಾರೂ ಹಾಕಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಹಣತೆಯನ್ನು ತಟ್ಟೆಯ ಸಮೇತ ಹತ್ತಿರಕ್ಕೆ ಎಳೆದುಕೊಂಡಳು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತೇವೆ, ಆದರೆ ಈ ದೀಪದ ಚಿತ್ರ ಇರುವುದು ನೆತ್ತಿಯಲ್ಲಿ. ಬೆಳಕು ಒಂದು ಕಡೆಯಿಂದ ಮಾತ್ರ ಬೀಳುವುದರಿಂದ ಎತ್ತಿದ ಕತ್ತಿಯ ನೆರಳು ಉದ್ದ ಚಾಚಿ ಮಂಡಿಯೂರಿದವನ ಕತ್ತಿನ ಮೇಲೆ ಬಿದ್ದಿತ್ತು. ಜ್ವಾಲೆ ಅಲುಗಿದಾಗ ಕತ್ತಿಯೂ ಅಲುಗುತ್ತಿತ್ತು. ಶೋಕೇಸಿನಲ್ಲಿದ್ದ ಎರಡು ವರ್ಷದಲ್ಲಿ ಇದು ಒಂದು ದಿನವೂ ಕಂಡಿರಲಿಲ್ಲ.

"ಬೇರೆ ಚಿತ್ರದ್ದು ಇರಲಿಲ್ವಾ ಆ ಅಂಗಡೀಲಿ?"

"ಇತ್ತಮ್ಮ. ಹುಂಜ ಇತ್ತು, ಮೊಲ ಇತ್ತು, ಒಂದು ಚಿಪ್ಪಿಂದೂ ಇತ್ತು."

"ಮತ್ತೆ ಈ ಹೊಡೆದಾಡೋರನ್ನೇ ಯಾಕೋ ತಂದೆ?"

ಗೊತ್ತಿಲ್ಲ ಅಂದೆ. ಆವತ್ತು ಬಿಸಿಲಲ್ಲಿ ನಿಂತು ಸುಮಾರು ಹೊತ್ತು ಆರಿಸಿದ್ದಂತೂ ನೆನಪಿದೆ. ಎಣ್ಣೆ ಮುಗಿದದ್ದು ಹನ್ನೊಂದೂ ಕಾಲಿಗೆ.